ಲಂಡನ್ನಿನಲ್ಲಿ ನಮ್ಮ ಬಂಡಿದಾರಿ

ಇವತ್ತು ಬೆಳಿಗ್ಗೆ ಮೊಮ್ಮಗಳು ಜಗಲಿಯ ಮೇಲೆ ಕೂತು ಪೆನ್ಸಿಲು ಹೆರೆಯುತ್ತಿದ್ದಳು. ಸಿಪ್ಪೆಯೆಲ್ಲ ನಾನು ಆಗಷ್ಟೇ ಸಾರಿಸಿದ ನೆಲದ ಮೇಲೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಮರದ ವಾಸನೆ ಮೂಗಿಗೆ ಬಡಿದು, ಬೈಗುಳ ಮರೆತುಹೋಯಿತು. ನನ್ನಂಥವಳಿಗೆ ಬೈಗುಳ ಮರೆಯುವುದೆಂದರೆ ಸಣ್ಣ ಸಂಗತಿಯಲ್ಲ. ಪೆನ್ಸಿಲಿನ ವಾಸನೆಗೆ ನಿಮಗೆ ಸ್ಕೂಲು ನೆನಪಾಗಬಹುದು. ನಾನು ಸ್ಕೂಲಿಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಅದೂ ಬಳಪ ಹಿಡಿದುಕೊಂಡು. ನನಗೆ ನೆನಪಾಗುವುದು ಲಂಡನ್ನು.

ನಗಬೇಡಿ. ಆ ದೇಶದ ಪುಸ್ತಕಗಳನ್ನೆಲ್ಲ ಇಟ್ಟಿರುವ ದೊಡ್ಡ ಗ್ರಂಥಾಲಯದಲ್ಲಿ ನಾನು ಒಂದು ಇಡೀ ದಿನ ಪೆನ್ಸಿಲು ಹಿಡಿದುಕೊಂಡು ಕೂತಿದ್ದೆ. ಅಲ್ಲಿ ಪೆನ್ನು ಒಳಗೆ ಬಿಡುವುದಿಲ್ಲ, ಶಾಯಿ ಬಿದ್ದರೆ ಹಳೆಯ ಕಾಗದ ಕೆಡುತ್ತದೆಂದು. ನಾನು ಹೋದದ್ದು ಓದುವುದಕ್ಕಲ್ಲ. ಸತ್ತ ಮೇಲೆ ನನ್ನ ಹೆಣ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದನ್ನು ಹುಡುಕಲು.

ನಮ್ಮದು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಡದಿಂದ ಸ್ವಲ್ಪ ಒಳಗಿರುವ ಒಂದು ಹುಂಡಿ, ಸಣ್ಣ ಹಳ್ಳಿಗೆ ನಮ್ಮ ಕಡೆ ಹಾಗನ್ನುತ್ತೇವೆ. ಹುಂಡಿಯಿಂದ ಮೂಡಲಿಗೆ ನಡೆದರೆ ಹಳೇ ಊರು ಸಿಗುತ್ತದೆ. ಊರು ಅಂದರೆ ಈಗ ಒಂದು ಬಸವಣ್ಣನ ಗುಡಿ, ಒಂದಿಷ್ಟು ಪಾಯದ ಕಲ್ಲು, ಮುಳ್ಳುಗಿಡ. ಮುತ್ತಜ್ಜನ ಕಾಲದಲ್ಲಿ ಪ್ಲೇಗು ಬಂದು ಜನ ಆ ಊರನ್ನೇ ಬಿಟ್ಟು ಇತ್ತ ಬಂದು ಗುಡಿಸಲು ಹಾಕಿಕೊಂಡರು. ಬದುಕಿದವರು ಇಲ್ಲಿಗೆ ಬಂದರೂ ಸತ್ತವರನ್ನು ಇವತ್ತಿಗೂ ಅಲ್ಲಿಗೇ ಒಯ್ಯುತ್ತೇವೆ. ನನ್ನ ಅತ್ತೆ ಮಾವ ಅಲ್ಲಿದ್ದಾರೆ, ಯಜಮಾನರು ಅಲ್ಲಿದ್ದಾರೆ. ಅವರ ಪಕ್ಕದಲ್ಲಿ ನನಗೂ ಒಂದು ಜಾಗ ನೋಡಿ ಇಟ್ಟಿದ್ದೇನೆ, ಬೇವಿನಮರದ ನೆರಳಿದೆ. ಹಳೇ ಊರು ದಾಟಿದರೆ ಬಸ್ಸಿನ ರಸ್ತೆ. ಹಾಗಾಗಿ ಹೆಣಕ್ಕೂ ಅದೇ ದಾರಿ, ಹೈಸ್ಕೂಲಿಗೂ ಅದೇ ದಾರಿ.

ಆ ದಾರಿ ಎರಡು ಹೊಲಗಳ ನಡುವೆ ಹೋಗುತ್ತಿತ್ತು. ಹಳೇ ಊರಿಗೆ ಮುಖ ಮಾಡಿ ನಿಂತರೆ ಎಡಕ್ಕೆ ನಮ್ಮ ಹೊಲ, ಅದರ ಅಂಚಿಗೇ ನಮ್ಮ ಬಾವಿ, ಬಲಕ್ಕೆ ಚಿಕ್ಕಬಸಪ್ಪನ ಹೊಲ. ಚಿಕ್ಕಬಸಪ್ಪ ನಮ್ಮ ಯಜಮಾನರ ಚಿಕ್ಕಪ್ಪನ ಮಗ, ನನಗೆ ಮೈದುನ. ಎರಡು ಹೊಲಕ್ಕೂ ಗಡಿಯಾಗಿ ಸೊಂಟದೆತ್ತರದ ಒಂದು ಬಾಂದುಕಲ್ಲು ನಿಂತಿದೆ, ಸರ್ವೇ ಕಾಲದ್ದು. ನಾನು ಮದುವೆಯಾಗಿ ಬಂದ ದಿನದಿಂದ ನೋಡಿದ್ದೇನೆ: ಜನ, ದನ, ಬಂಡಿ ಎಲ್ಲ ಹೋಗುತ್ತಿದ್ದುದು ಆ ಕಲ್ಲಿನ ಬಲಕ್ಕೆ, ಚಿಕ್ಕಬಸಪ್ಪನ ಹೊಲದ ಅಂಚಿನಲ್ಲಿ. ಒಂದು ವರ್ಷ ಅವನು ಅಲ್ಲಿ ಬಾಳೆ ಹಾಕಿದ, ತಂತಿಬೇಲಿ ಬಡಿದ. ದಾರಿ ಮುಚ್ಚಿಹೋಯಿತು.

ನಾನು ಹೋಗಿ ಬೇಲಿಯ ಈಚೆ ನಿಂತೆ. “ಏನ್ಲಾ ಚಿಕ್ಬಸ್ವ, ದಾರಿಗೆ ತಂತಿ ಬಡ್ದಿದ್ದೀಯಲ್ಲ, ನಾಳೆ ನಾ ಸತ್ರೆ ನನ್ನ ಎಣ ಬೇಲಿ ಆರಿಸ್ಕೊಂಡು ಓಗ್ಬೇಕಾ?”

“ಸಾಯೋ ಯೋಚ್ನೆ ಈಗ್ಯಾಕತ್ಗೆ? ಇನ್ನೂ ಊರ್ಗೆಲ್ಲಾ ಮುದ್ದೆ ತಿರುವೋ ರಟ್ಟೆ ಅದೆ ನಿಂಗೆ,” ಅಂದ ಅವನು, ಬಾಳೆಯ ಕಂದು ಕೀಳುತ್ತಲೇ. “ಇದು ನನ್ನ ಇಡುವಳಿ. ದಾರಿ ಅಂತ ಎಲ್ ಬರ್ದದೆ ತೋರ್ಸು, ಈಗ್ಲೇ ಕಿತ್ತಾಕ್ತೀನಿ.”

“ನಡ್ದೂ ನಡ್ದೂ ಜನದ ಕಾಲು ಬರ್ದದೆ, ಸಾಲ್ದಾ?”

“ಕಾಲಿನ ಬರವಣ್ಗೆ ಕಚೇರಿಲಿ ಓದಕಿಲ್ಲ ಕಣತ್ಗೆ.”

ಮಾತಿನಲ್ಲಿ ಅವನೂ ನಮ್ಮ ಮನೆತನದವನೇ, ಬಿಟ್ಟುಕೊಡುವವನಲ್ಲ. ಆವತ್ತಿನಿಂದ ಹೈಸ್ಕೂಲಿನ ಹೆಣ್ಣುಮಕ್ಕಳು ನಾಲೆಯ ಏರಿ ಸುತ್ತಿಕೊಂಡು ಬಸ್ಸಿಗೆ ಹೋಗತೊಡಗಿದರು. ಮಳೆಗಾಲದಲ್ಲಿ ಏರಿ ಜಾರುತ್ತದೆ. ಇಬ್ಬರು ಹುಡುಗಿಯರನ್ನು ಅವರ ಅಪ್ಪಂದಿರು ಸ್ಕೂಲು ಬಿಡಿಸಿದರು. ಆ ವರ್ಷ ಸತ್ತ ಮುದುಕನನ್ನೂ ಏರಿಯ ಮೇಲೆಯೇ ಹೊತ್ತರು. ನಮ್ಮಲ್ಲಿ ಹೆಣವನ್ನು ಬಿದಿರಿನ ಚಟ್ಟದ ಮೇಲೆ ಕೂರಿಸಿ ಒಯ್ಯುವುದು, ಅದಕ್ಕೆ ವಿಮಾನ ಅನ್ನುತ್ತೇವೆ. ಹೊತ್ತವರ ಕಾಲು ಜಾರಿ, ವಿಮಾನ ವಾಲಿ, ಮುದುಕ ನಾಲೆಯನ್ನೇ ಬಗ್ಗಿ ನೋಡುವಂತಾಯಿತು. ಅಲ್ಲೇ ನಿಂತು ನಿಶ್ಚಯ ಮಾಡಿದೆ: ನಾನು ಹೀಗೆ ಹೋಗುವವಳಲ್ಲ.

ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದೆ. ಎಲ್ಲರೆದುರಿಗೆ ಎದ್ದು ನಿಂತು, “ದಾರಿ ಬಾಂದುಕಲ್ಲಿನ ಬಲಕ್ಕದೆ. ಚಿಕ್ಬಸ್ವನ ಒಲದಲ್ಲಿ ಅದೆ. ನಮ್ಮ ಒಲದಲ್ಲಿ ಒಂದು ಗೇಣೂ ಇಲ್ಲ. ಬಸವಣ್ಣನಾಣೆ,” ಅಂದೆ. ಆಣೆ ಹಾಕುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ ಅನ್ನುವುದನ್ನು ನೀವು ನೆನಪಿಟ್ಟುಕೊಳ್ಳಿ. ಪಂಚರು ತಲೆ ಕೆರೆದುಕೊಂಡರು. ಕಾಗದ ತನ್ನಿ ಅಂದರು.

ಕಾಗದಕ್ಕೆಂದು ಮೂರು ವರ್ಷ ಕಚೇರಿಗೆ ಅಲೆದೆ. ಹಳೆಯ ನಕ್ಷೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ ಮಡಿಕೆಯಲ್ಲೇ ಸವೆದು, ನಮ್ಮ ಬಾಂದುಕಲ್ಲು ಇರಬೇಕಾದ ಜಾಗದಲ್ಲಿ ಒಂದು ತೂತಿತ್ತು. ಆ ತೂತಿನೊಳಗೆ ನನ್ನ ಬೆರಳು ಹೋಗುತ್ತಿತ್ತು. ಸರ್ವೆಯವನು ಎಳೆಯ ಹುಡುಗ, ನನ್ನ ಮುಖ ನೋಡಿ ನೋಡಿ ಬೇಸತ್ತಿದ್ದ. “ಅಮ್ಮಾ, ಇದ್ಕಿಂತ ಹಳೇದು ಬೇಕಂದ್ರೆ ನೀವು ಬ್ರಿಟಿಷ್‌ನೋರ್ನೇ ಕೇಳ್ಬೇಕು. ಅವ್ರೇ ಒಂದೊಂದು ಪ್ರತಿ ಒತ್ಕೊಂಡೋಗವ್ರಂತೆ,” ಅಂದು ನಕ್ಕ. ನನ್ನನ್ನು ಸಾಗಹಾಕಲು ಆಡಿದ ಮಾತು ಅದು. ಮುಂದಿನ ತಿಂಗಳು ನಾನು ಅಲ್ಲಿಗೇ ಹೊರಟಿದ್ದೇನೆಂದು ಅವನಿಗೇನು ಗೊತ್ತು.

ನನ್ನ ಕೊನೇ ಮಗಳು ಮಂಗಳ. ಮೈಸೂರಿನಲ್ಲಿ ನರ್ಸಿಂಗ್ ಕಲಿತು ಲಂಡನ್ನಿನ ಆಸ್ಪತ್ರೆಗೆ ಸೇರಿದ್ದಳು, ಗಂಡನೂ ಅಲ್ಲೇ ಎಕ್ಸ್‌ರೇ ತೆಗೆಯುವವನು. ಎರಡು ಸಾವಿರದ ಇಸವಿ ಕಳೆದು ಒಂದೋ ಎರಡೋ ವರ್ಷವಾಗಿತ್ತು. ಅವಳ ಎರಡನೇ ಬಾಣಂತನಕ್ಕೆ ನಾನು ಹೋಗಬೇಕಾಯಿತು. ಕೊಬ್ಬರಿ, ಬೆಲ್ಲ, ಅಂಟು, ಮೆಣಸು ಎಲ್ಲ ಕಟ್ಟಿಕೊಂಡು ಹೋದೆ. ಬಾಣಂತನದ ಕತೆ ಇಲ್ಲಿ ಬೇಡ. ಎಣ್ಣೆ ಹಚ್ಚಿ ಬಿಸಿನೀರು ಹಾಕಲು ಅಲ್ಲಿ ಹಂಡೆಯಿಲ್ಲ, ಒಲೆಯಿಲ್ಲ, ಹೊಗೆ ಎದ್ದರೆ ಗಂಟೆ ಬಡಿದುಕೊಳ್ಳುತ್ತದೆ ಅಂದರೆ ಸಾಕು, ಉಳಿದದ್ದು ನಿಮಗೇ ತಿಳಿಯುತ್ತದೆ.

ಹೋದ ದಿನವೇ ಮಂಗಳನನ್ನು ಕೇಳಿದೆ, ಇಲ್ಲಿ ನಕ್ಷೆ ಇಡುವ ಕಚೇರಿ ಎಲ್ಲಿದೆಯೆಂದು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಣಂತಿ ಹಾಗೆ ನಗಬಾರದು, ಬೈದೆ. ಆದರೂ ನನ್ನ ಮಗಳಲ್ಲವೇ, ಕೇಳಿದ್ದನ್ನು ಮರೆಯಲಿಲ್ಲ. ಅವಳ ವಾರ್ಡಿನಲ್ಲಿ ಹಿಂದೆ ಮಲಗಿದ್ದ ಒಬ್ಬ ಮುದಿ ಮೇಷ್ಟ್ರಿಗೆ ಫೋನು ಮಾಡಿ ವಿಚಾರಿಸಿದಳು. ಹಿಂದೂಸ್ಥಾನದ ಹಳೆಯ ನಕ್ಷೆಗಳೆಲ್ಲ ದೊಡ್ಡ ಗ್ರಂಥಾಲಯದಲ್ಲಿವೆ, ಯಾರು ಬೇಕಾದರೂ ಕೇಳಿ ನೋಡಬಹುದು ಅಂದರಂತೆ. ಹೋಗೋಣ ಹೋಗೋಣ ಅನ್ನುತ್ತಲೇ ತಿಂಗಳುಗಳು ಉರುಳಿದವು. ನಾನು ಊರಿಗೆ ಹೊರಡಲು ಎರಡು ದಿನವಿದ್ದಾಗ ಅಳಿಯ ರಜ ಹಾಕಿ ಮಗುವನ್ನು ಎತ್ತಿಕೊಂಡ. ನಮಗೆ ಸಿಕ್ಕಿದ್ದು ಆ ಒಂದೇ ದಿನ.

ಬಾಗಿಲಲ್ಲೇ ಒಬ್ಬಳು ಹೆಂಗಸು ನನ್ನ ಫೋಟೋ ಹಿಡಿದು ಚೀಟಿ ಮಾಡಿದಳು. ಏನೋ ಕೇಳಿದಳು.

“ಅವ್ವಾ, ನೀನು ಏನು ಸಂಶೋಧ್ನೆ ಮಾಡ್ತೀಯ ಅಂತ ಕೇಳ್ತಾವ್ರೆ.”

“ದಾರಿ ಅನ್ನು.”

“ಬರೀ ದಾರಿ ಅಂದ್ರೆ ಎಂಗವ್ವ?”

“ಬಂಡಿದಾರಿ ಅನ್ನು.”

ಮಂಗಳ ಅದೇನು ಹೇಳಿದಳೋ, ಆ ಹೆಂಗಸು ನಗದೆ, ಗಂಭೀರವಾಗಿ ಬರೆದುಕೊಂಡಳು. ನಮ್ಮ ಕಚೇರಿಯಲ್ಲಿ ಮೂರು ವರ್ಷದಿಂದ ಯಾರೂ ನನ್ನ ಮಾತನ್ನು ಅಷ್ಟು ಗಂಭೀರವಾಗಿ ಬರೆದುಕೊಂಡಿರಲಿಲ್ಲ.

ಕೆಳಗೆ ಒಂದು ಕೋಣೆಯಲ್ಲಿ ಕೋಟು, ಚೀಲ, ಬುತ್ತಿ ಎಲ್ಲವನ್ನೂ ಬೀರುವಿನೊಳಗಿಟ್ಟು ಬೀಗ ಹಾಕಬೇಕು. ನನ್ನ ಎಲೆಅಡಿಕೆ ಸಂಚಿಯನ್ನೂ ಬಿಚ್ಚಿಸಿದರು. ಸುಣ್ಣದ ಡಬ್ಬಿಯನ್ನು ಕಾವಲಿನವನು ಮೂಸಿ ನೋಡಿದ. ಮಠಕ್ಕೆ ಹೋದರೂ ನನ್ನ ಸೊಂಟದಿಂದ ಆ ಸಂಚಿ ಇಳಿದಿರಲಿಲ್ಲ. ಕೈಗೊಂದು ಪೆನ್ಸಿಲು ಕೊಟ್ಟು ಒಳಗೆ ಬಿಟ್ಟರು.

ಒಳಗೆ, ಏನು ಹೇಳಲಿ, ನಮ್ಮ ಹುಂಡಿಯ ಜನವೆಲ್ಲ ಉಂಡು ಮಲಗಬಹುದಾದಷ್ಟು ದೊಡ್ಡ ಕೋಣೆ. ಸಾಲುಸಾಲು ಮೇಜು, ಒಂದೊಂದಕ್ಕೂ ಒಂದೊಂದು ದೀಪ. ಅಷ್ಟು ಜನ ತಲೆ ಬಗ್ಗಿಸಿ ಕೂತಿದ್ದಾರೆ, ಮೆಲುಕು ಹಾಕುವ ದನಗಳ ಹಾಗೆ. ಊಟ ಆಯ್ತಾ ಅಂತ ಕೂಡ ಒಬ್ಬರನ್ನೊಬ್ಬರು ಕೇಳುವುದಿಲ್ಲ. “ಇವ್ರೆಲ್ಲಾ ಏನ್ ಕಳ್ಕಂಡವ್ರೆ?” ಅಂದೆ. ಸುತ್ತ ಇದ್ದವರೆಲ್ಲ ತಲೆಯೆತ್ತಿದರು. “ಮೆತ್ಗೆ ಅವ್ವಾ!” ಅಂದಳು ಮಂಗಳ. ನಾನು ಮೆತ್ತಗೆ ಮಾತಾಡಿದರೂ ನಮ್ಮ ಹಟ್ಟಿಯ ಎತ್ತು ಕಿವಿ ನಿಮಿರಿಸುತ್ತದೆ, ಏನು ಮಾಡಲಿ.

ನಕ್ಷೆಯ ಉಸ್ತುವಾರಿಗೆ ಒಬ್ಬ ಸಣಕಲು ಮನುಷ್ಯನಿದ್ದ. ಎದೆ ಮುಟ್ಟುವ ಗಡ್ಡ, ದಾರ ಕಟ್ಟಿ ನೇತುಹಾಕಿಕೊಂಡ ಕನ್ನಡಕ. ಹೆಸರು ಹೇಳಿದ, ನನ್ನ ನಾಲಿಗೆಗೆ ಹತ್ತಲಿಲ್ಲ. ಗಡ್ಡದಪ್ಪ ಅಂತ ಇಟ್ಟುಕೊಂಡೆ. ಮಂಗಳ ನಮ್ಮ ಹುಂಡಿಯ ಹೆಸರು ಬರೆದುಕೊಟ್ಟಳು. ಗಡ್ಡದಪ್ಪ ದಪ್ಪ ಪಟ್ಟಿಯೊಂದನ್ನು ತಿರುವಿದ, ಇನ್ನೊಂದನ್ನು ತಿರುವಿದ, ಪೆಟ್ಟಿಗೆಯಲ್ಲಿದ್ದ ಚೀಟಿಗಳನ್ನು ಎಣಿಸಿದ. ತಲೆಯಾಡಿಸಿದ. ನಂಜನಗೂಡಿದೆ, ಕಳಲೆಯಿದೆ, ಸುತ್ತೂರಿದೆ. ನಮ್ಮ ಹುಂಡಿ ಇಲ್ಲ.

ಹೊತ್ತು ಹನ್ನೊಂದಾಗಿತ್ತು. ಮಂಗಳ ಮುಖ ಸಣ್ಣ ಮಾಡಿಕೊಂಡು, “ನಡಿಯವ್ವ, ನಿಂಗೆ ರಾಣಿ ಅರಮನೆನಾದ್ರೂ ತೋರಿಸ್ತೀನಿ,” ಅಂದಳು.

ನನಗೆ ಆಗ ಹೊಳೆಯಿತು. ಓದಿದವಳಾದರೂ ಮಂಗಳ ಒಂದು ದಿನವೂ ಪಹಣಿ ಹಿಡಿದು ನೋಡಿದವಳಲ್ಲ. ನಾವು ಬಾಳುವುದು ಹುಂಡಿಯಲ್ಲಾದರೂ ನಮ್ಮ ಹೊಲಗಳು ಕಾಗದದಲ್ಲಿ ಹುಂಡಿಯ ಹೆಸರಿನಲ್ಲಿಲ್ಲ. ಪಹಣಿಯಲ್ಲಿ ಇವತ್ತಿಗೂ ಇರುವುದು ಸತ್ತುಹೋದ ಹಳೇ ಊರಿನ ಹೆಸರು, ಅಂಕನಪುರ. ಅದರ ಮುಂದೆ ‘ಬೇಚರಾಕ್’ ಅಂತ ಬರೆದಿರುತ್ತಾರೆ. ಜನ ಬಿಟ್ಟುಹೋದ, ದೀಪ ಹಚ್ಚುವವರಿಲ್ಲದ ಊರಿಗೆ ಕಚೇರಿಯವರು ಅನ್ನುವ ಮಾತು ಅದು. ಜನ ಊರು ಬಿಟ್ಟರೂ ಕಚೇರಿ ಬಿಡುವುದಿಲ್ಲ.

“ಬದುಕಿರೋ ಊರ್ನಲ್ಲಿ ಉಡುಕ್ಬ್ಯಾಡ. ಸತ್ತಿರೋ ಊರ ಎಸ್ರು ಕೊಡು,” ಅಂದೆ.

ಗಡ್ಡದಪ್ಪನ ಬೆರಳು ಪಟ್ಟಿಯಲ್ಲಿ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಿತು. ಅವನು ನನ್ನತ್ತ ನೋಡಿ ಹುಬ್ಬೇರಿಸಿದ. ಅಂಕನಪುರ ಸಿಕ್ಕಿತ್ತು.

ಚೀಟಿ ಕೊಟ್ಟು ಕಾಯಬೇಕು. ಅದೊಂದರಲ್ಲಿ ಎಲ್ಲ ದೇಶದ ಕಚೇರಿಯೂ ಒಂದೇ. ಆದರೆ ಇಷ್ಟು ಹೊತ್ತಿಗೆ ಬರುತ್ತದೆ ಅಂದ ಹೊತ್ತಿಗೇ ಬಂತು. ಮಂಚದಷ್ಟು ಅಗಲದ ನಕ್ಷೆ. ಅಂಚು ಸುರುಳಿಯಾಗದಂತೆ ಒಳಗೆ ಸೀಸದ ಗುಂಡು ತುಂಬಿ ಹೊಲಿದ ಬಟ್ಟೆಯ ಹಾವುಗಳನ್ನು ನಾಲ್ಕು ಕಡೆಗೂ ಮಲಗಿಸಿದರು. ಬಗ್ಗಿ ನೋಡಿದೆ. ತಲೆಬುಡ ಗೊತ್ತಾಗಲಿಲ್ಲ. ನನ್ನ ಹೊಲವನ್ನು ನಾನು ಹಕ್ಕಿಯ ಹಾಗೆ ಮೇಲಿಂದ ಯಾವತ್ತು ನೋಡಿದ್ದೆ?

“ಮೂಡ್ಲು ಯಾವ ಕಡೆ?” ಕೇಳಿದೆ.

“ಇಲ್ಲಿ, ಬಲಗಡೆ,” ಮಂಗಳ ಕಾಗದ ತೋರಿಸಿದಳು.

“ಕಾಗ್ದದಲ್ಲಲ್ಲ ಕಣೇ. ಈ ಕೋಣೇಲಿ ಮೂಡ್ಲು ಯಾವ ಕಡೆ? ನಾನು ಎತ್ತಾಗೆ ಮೊಕ ಮಾಡಿ ನಿಂತಿವ್ನಿ ಅಂತ ಗೊತ್ತಾಗ್ದೆ ಒಲ ಎಂಗೆ ಉಡುಕ್ಲಿ?”

ಮಂಗಳ ನಾಚಿಕೊಂಡೇ ಗಡ್ಡದಪ್ಪನನ್ನು ಕೇಳಿದಳು. ಅವನು ತಬ್ಬಿಬ್ಬಾದ. ಎಷ್ಟೋ ವರ್ಷದಿಂದ ಅದೇ ಕೋಣೆಯಲ್ಲಿ ಕೂತು ಪ್ರಪಂಚದ ನಕ್ಷೆಗಳನ್ನೆಲ್ಲ ಕಾಯುತ್ತಿದ್ದವನಿಗೆ ಆ ಕೋಣೆಯ ಮೂಡಲು ಯಾವುದೆಂದು ಗೊತ್ತಿರಲಿಲ್ಲ. ಇನ್ನೊಬ್ಬನನ್ನು ಕೇಳಿದ. ಅವನಿಗೂ ಗೊತ್ತಿಲ್ಲ. ಗಡ್ಡದಪ್ಪ ಎದ್ದು ಹೊರಗೆ ಹೋದವನು ಬಹಳ ಹೊತ್ತಿನ ಮೇಲೆ ಬಂದ, ಏದುಸಿರು ಬಿಡುತ್ತಿದ್ದ. ಬೀದಿಗಿಳಿದು ನೋಡಿಬಂದನಂತೆ. ಗೆದ್ದವನಂತೆ ಒಂದು ಗೋಡೆಯತ್ತ ಕೈ ಮಾಡಿದ. ಮೂವರೂ ಸೇರಿ ಹಾವುಗಳನ್ನು ಎತ್ತಿ, ನಕ್ಷೆಯ ಮೂಡಲನ್ನು ಲಂಡನ್ನಿನ ಮೂಡಲಿಗೆ ತಿರುಗಿಸಿದೆವು. ನಾನು ಪಡುವಲ ಕಡೆ ನಿಂತೆ, ನಮ್ಮ ಅರಳಿಕಟ್ಟೆಯ ಹತ್ತಿರ ನಿಂತ ಹಾಗೆ.

ಆಮೇಲೆ ಸುಲಭವಾಯಿತು. ಎಡಕ್ಕೆ ದೂರದಲ್ಲಿ ಹೊಳೆ. ಮುಂದೆ ಹಳ್ಳ. ದೂರದಲ್ಲಿ ಗುಡಿ. ನಡುವೆ ಎರಡು ಸಾಲು ಚುಕ್ಕಿ, ಬಂಡಿಯ ಎರಡು ಗಾಲಿ ಹೋದ ಹಾಗೆ. ದಾರಿ! ಕೈ ಮುಗಿಯಬೇಕೆನ್ನಿಸಿತು, ಮುಗಿದೆ. ಪೆನ್ಸಿಲಿನ ತುದಿಯನ್ನು ಕಾಗದಕ್ಕೆ ತಾಗಿಸದೆ ಮೇಲೆಯೇ ಹಿಡಿದು, ಚುಕ್ಕಿಯ ಜೊತೆ ನಡೆಯುತ್ತಾ ಹೋದೆ. ಬಾಂದುಕಲ್ಲು ಬಂತು. ದಾರಿ ಕಲ್ಲಿನ ಎಡಕ್ಕೆ ಹೋಯಿತು.

ಎಡಕ್ಕೆ. ಅಂದರೆ ನಮ್ಮ ಹೊಲದೊಳಕ್ಕೆ.

“ಉಲ್ಟಾ ಆಗದೆ. ತಿರುಗ್ಸು,” ಅಂದೆ.

ಗಡ್ಡದಪ್ಪ ಬೇಸರವಿಲ್ಲದೆ ತಿರುಗಿಸಿದ. ಈಗ ದಾರಿ ಕಲ್ಲಿನ ಬಲಕ್ಕೆ ಬಂತು. “ನೋಡಿದ್ಯಾ! ಬಲಕ್ಕದೆ! ನಾ ಏಳಿರ್ಲಿಲ್ವಾ!” ಕೋಣೆಯೆಲ್ಲ ನಮ್ಮ ಕಡೆ ತಿರುಗಿತು.

ಮಂಗಳ ನನ್ನ ಮೊಣಕೈ ಹಿಡಿದು ಮೆಲ್ಲಗೆ ಅಂದಳು, “ಅವ್ವಾ, ಈಗ ನೀನು ಅಳೇ ಊರಿಂದ ಉಂಡಿಗೆ ವಾಪಸ್ ಬತ್ತಿದ್ದೀಯ.”

ಸತ್ಯ. ಹೆಣ ಇಟ್ಟು ಮನೆಗೆ ಮರಳುವವಳ ಬಲವನ್ನು ನಾನು ಹೋಗುವವಳ ಬಲ ಮಾಡಿಕೊಂಡಿದ್ದೆ. ಮತ್ತೆ ತಿರುಗಿಸಿದೆವು. ಇನ್ನೊಮ್ಮೆ ತಿರುಗಿಸಲು ಹೇಳಿದೆ. ನಾಲ್ಕು ಸಲ ತಿರುಗಿಸಿದರೂ ಆ ಹಾಳು ದಾರಿ ನಮ್ಮ ಹೊಲ ಬಿಟ್ಟು ಕದಲಲಿಲ್ಲ. ಕಣ್ಣಿಟ್ಟು ನೋಡಿದಾಗ ಇನ್ನೊಂದೂ ಕಂಡಿತು. ನಕ್ಷೆಯಲ್ಲಿ ನಮ್ಮ ಬಾವಿ ಇರಲಿಲ್ಲ. ಬಾವಿ ಇರಬೇಕಾದ ಜಾಗದಲ್ಲಿ ದಾರಿಯಿತ್ತು.

ಬಾವಿ ತೋಡಿಸಿದವರು ನಮ್ಮ ಮಾವ. ದಾರಿಯ ಮೇಲೆಯೇ ತೋಡಿಸಿ, ದಾರಿಯನ್ನು ಕಲ್ಲಿನಾಚೆ ತಮ್ಮನ ಹೊಲಕ್ಕೆ ದಬ್ಬಿದ್ದಾರೆ. ಆ ತಮ್ಮ, ಚಿಕ್ಕಬಸಪ್ಪನ ಅಪ್ಪ, ಅಣ್ಣನ ಮುಂದೆ ಬಾಯಿ ಬಿಡದ ಮನುಷ್ಯ. ಇಬ್ಬರೂ ಸತ್ತರು. ದಾರಿ ಮೊದಲಿಂದಲೂ ಅಲ್ಲೇ ಇತ್ತು ಅಂತ ನಾವೆಲ್ಲ ನಂಬಿದೆವು. ಮಾವ ಒಳ್ಳೆಯವರೇ, ನನ್ನನ್ನು ಒಂದು ದಿನ ಗದರಿದವರಲ್ಲ. ಒಳ್ಳೆಯವರು ಮಾಡಿದ ಕಳ್ಳತನ ಕಂಡುಹಿಡಿಯುವುದು ಕಷ್ಟ, ಅಲ್ಲಿ ಯಾರೂ ಹುಡುಕುವುದಿಲ್ಲ. ಆ ಬಾವಿಯ ನೀರು ಕುಡಿದೇ ನಾನು ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ್ದು.

ಗಡ್ಡದಪ್ಪ ಏನೋ ಕೇಳಿದ. ಪ್ರತಿ ಬೇಕೇ ಅಂತ.

“ಬ್ಯಾಡ ಬುಡವ್ವ,” ಅಂದಳು ಮಂಗಳ. “ಲಂಡನ್ನಿಗೋಗಿದ್ದೆ, ಸಿಗ್ನಿಲ್ಲ ಅಂತ ಏಳು. ಯಾರ್ ಬಂದು ನೋಡ್ತಾರೆ?”

ನಾನು ಕೆಳಗಿಳಿದೆ. ಬುತ್ತಿ ತೆಗೆದುಕೊಂಡು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಚಳಿಗೆ ರೊಟ್ಟಿ ಚಕ್ಕೆಯಂತಾಗಿತ್ತು. ನಿಜ ಹೇಳುತ್ತೇನೆ, ಮೊದಲನೇ ರೊಟ್ಟಿ ಮುಗಿಯುವವರೆಗೆ ನಾನು ಯೋಚಿಸಿದ್ದು ಮಂಗಳ ಹೇಳಿದ್ದನ್ನೇ. ಅರಳಿಕಟ್ಟೆಯಲ್ಲಿ ಬಸವಣ್ಣನ ಮೇಲೆ ಆಣೆ ಹಾಕಿದವಳು ನಾನು. ಚಿಕ್ಕಬಸಪ್ಪನ ನಗು ಕಣ್ಣೆದುರಿಗೆ ಬಂತು. ಮಗ ಮಹದೇವ ಬಾವಿಯ ಸುತ್ತ ಎಬ್ಬಿಸಿದ್ದ ರಸಬಾಳೆ ತೋಟ ಬಂತು.

ಎರಡನೇ ರೊಟ್ಟಿಗೆ ಆ ಏರಿಯ ಮೇಲೆ ವಾಲಿದ ಮುದುಕ ಬಂದ. ಸ್ಕೂಲು ಬಿಟ್ಟ ಇಬ್ಬರು ಹುಡುಗಿಯರು ಬಂದರು. ನನ್ನನ್ನು ನಾನೇ ಕೇಳಿಕೊಂಡೆ: ನಿನಗೆ ಬೇಕಾಗಿದ್ದದ್ದು ದಾರಿಯೋ, ಚಿಕ್ಕಬಸಪ್ಪ ಸೋಲುವುದೋ? ಮೂರು ವರ್ಷ ಎರಡೂ ಒಂದೇ ಅಂದುಕೊಂಡು ಅಲೆದಿದ್ದೆ. ಬೇರೆ ಬೇರೆ ಅಂತ ತಿಳಿಯಲು ಅಷ್ಟು ದೂರ ಹೋಗಬೇಕಾಯಿತು. ದಾರಿ ಇದೆ ಅಂತ ನಕ್ಷೆ ಹೇಳುತ್ತಿದೆ. ಯಾರ ಹೊಲದಲ್ಲಿ ಅನ್ನುವುದು ಆಮೇಲಿನ ಮಾತು.

“ಏಳು, ಪ್ರತಿ ತಗಳಾಣ,” ಅಂದೆ.

“ಅಣ್ಣ ನಿನ್ನ ಮನೇಗೆ ಸೇರಿಸ್ತಾನಾ?”

“ಒಲ ನನ್ನೆಸ್ರಲ್ಲಿ ಅದೆ. ನಾನು ಅವನ್ನ ಸೇರಿಸ್ಬೇಕು.”

ಸಂಜೆ ಬಾಗಿಲು ಹಾಕುವ ಮುಂಚೆ ಗಡ್ಡದಪ್ಪ ಪ್ರತಿಯನ್ನು ಸುತ್ತಿ, ರಟ್ಟಿನ ಕೊಳವೆಯಲ್ಲಿ ಹಾಕಿ, ಎರಡೂ ಕೈಯಿಂದ ಕೊಟ್ಟ. ದಾರಿ ಸಿಕ್ಕಿತೇ ಅಂತ ಕೇಳಿದನಂತೆ. ಸಿಕ್ಕಿತು, ಆದರೆ ನನ್ನ ಹೊಲದ ಮೇಲೇ ಹಾಯುತ್ತಿದೆ ಅಂತ ಹೇಳಿಸಿದೆ. ಅವನು ಗಡ್ಡ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ. ಅಲ್ಲಿ ಹಾಗೇ ನಗಬೇಕು.

ಊರಿಗೆ ಬಂದು ಕೊಳವೆಯನ್ನು ಮೊದಲು ಬಿಚ್ಚಿದ್ದು ಮಹದೇವನ ಮುಂದೆ. “ತಲೆ ಕೆಟ್ಟದಾ ಅವ್ವ ನಿಂಗೆ?” ಅಂತ ಕೂಗಾಡಿದ. ಎರಡು ದಿನ ನನ್ನ ಕೈಯ ಮುದ್ದೆ ಮುಟ್ಟಲಿಲ್ಲ. ಮೂರನೇ ದಿನ ಹಸಿವಾಯಿತು, ಉಂಡ. ಒಪ್ಪಿದ ಅಂತ ನಾನು ಹೇಳುವುದಿಲ್ಲ. ಸುಮ್ಮನಾದ.

ಆಮೇಲೆ ಕೊಳವೆ ಎತ್ತಿಕೊಂಡು ಚಿಕ್ಕಬಸಪ್ಪನ ಜಗಲಿಗೆ ಹೋದೆ.

“ಏನತ್ಗೆ, ಲಂಡನ್ನಿಂದ ಕೊಳಾಯಿ ಪೈಪ್ ತಂದಿದ್ದೀಯ?”

“ನಿನ್ನ ಬೇಲಿ ಕೀಳಕ್ಕೆ ಕಾಗ್ದ ತರ್ತೀನಿ ಅಂದಿದ್ನಲ್ಲ. ನೋಡು.”

ಜಗಲಿಯಲ್ಲಿ ಮೂಡಲಿಗೆ ಸರಿಯಾಗಿ ಹಾಸಿದೆ. ಕಲ್ಲು ತೋರಿಸಿದೆ, ದಾರಿ ತೋರಿಸಿದೆ, ಬಾವಿಯಿಲ್ಲದ್ದನ್ನು ತೋರಿಸಿದೆ. ಅವನು ನನಗಿಂತ ಬೇಗ ತಿಳಿದುಕೊಂಡ. ಗೆದ್ದೆ ಅಂತ ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ಬಾವಿಯ ಜಾಗದ ಮೇಲೆ ಬೆರಳಿಟ್ಟ.

“ನಮ್ಮಪ್ಪ ಸಾಯೋಗಂಟ ಆ ಬಾವಿ ನೀರು ಕುಡೀನಿಲ್ಲ ಅತ್ಗೆ. ಯಾಕೆ ಅಂತ ಯಾವತ್ತೂ ಏಳ್ನಿಲ್ಲ,” ಅಂದ. ಆಮೇಲೆ, “ನೀನು ಇದ ಅರ್ದಾಕ್ಬೌದಿತ್ತು.”

“ಅರ್ದಾಕಕ್ಕೆ ಅಷ್ಟು ದೂರ ಓಗ್ಬೇಕಿತ್ತೇನ್ಲಾ?”

ಆ ಭಾನುವಾರ ಅರಳಿಕಟ್ಟೆಯಲ್ಲಿ ಜನ ಸೇರಿದಾಗ ಎದ್ದು ನಿಂತು, ನಾನು ಹಾಕಿದ ಆಣೆ ಸುಳ್ಳು ಅಂದೆ. ಅಷ್ಟೇ ಹೇಳಿದ್ದು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ.

ಬಾವಿಯನ್ನು ಎತ್ತಿಡಲು ಬರುವುದಿಲ್ಲವಲ್ಲ. ಬಾವಿಯ ಪಕ್ಕ ಸುತ್ತಿಕೊಂಡು ನಮ್ಮ ಹೊಲದಲ್ಲೇ ದಾರಿ ಬಿಡುವುದೆಂದಾಯಿತು. ಎರಡು ಸಾಲು ರಸಬಾಳೆ ಹೋಗಬೇಕಿತ್ತು. ಕತ್ತಿ ಹಿಡಿದು ನಾನೇ ಮೊದಲನೆಯದನ್ನು ಕಡಿದೆ. ಎರಡನೆಯದಕ್ಕೆ ಮಹದೇವ ಬಂದು ಕತ್ತಿ ಕಿತ್ತುಕೊಂಡ, “ನೀನು ಬುಡ ಬುಟ್ಟು ಮೇಲ್ ಕಡೀತಿದ್ದೀಯ, ಸರ್ಕೋ,” ಅಂತ. ಬಾವಿಯ ಹತ್ತಿರ ಬಂಡಿ ತಿರುಗಲು ಜಾಗ ಸಾಲಲಿಲ್ಲ. ಬೇಲಿಯಾಚೆ ನಿಂತು ನೋಡುತ್ತಿದ್ದ ಚಿಕ್ಕಬಸಪ್ಪ, “ನನ್ನ ಕಡೆಯಿಂದ ಎರಡು ಮಾರು ತಗಳಿ,” ಅಂದ.

“ಬರ್ಕೊಡು,” ಅಂದೆ.

“ಬಾಯ್ಮಾತು ಸಾಲ್ದಾ ಅತ್ಗೆ? ಅಣ್ಣತಮ್ಮರ ಮಕ್ಳು ನಾವು.”

“ಬರ್ಕೊಡ್ಲಾ! ನಾಳೆ ನಮ್ಮ ಮೊಮ್ಮಕ್ಳು ಲಂಡನ್ನಿಗೋಗ್ಬೇಕಾ?”

ಬರೆದುಕೊಟ್ಟ. ನಾನೂ ಬರೆದುಕೊಟ್ಟೆ. ಇವತ್ತು ಆ ದಾರಿಯಲ್ಲಿ ಹುಡುಗಿಯರು ಸೈಕಲ್ಲಿನಲ್ಲಿ ಹೋಗುತ್ತಾರೆ. ಸ್ಕೂಲು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಮತ್ತೆ ಸೇರಿ ಪಾಸಾದಳು. ಇನ್ನೊಬ್ಬಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಅದನ್ನು ಯಾವ ನಕ್ಷೆಯೂ ತಿರುಗಿಸಲಾರದು. ನನ್ನ ಸರದಿ ಇನ್ನೂ ಬಂದಿಲ್ಲ, ನನಗೆ ಅವಸರವೂ ಇಲ್ಲ.

ಆದರೆ ಸುದ್ದಿ ಹಬ್ಬಿತು. ಹೋದ ವಾರ ಬಿಳಿಗೆರೆ ಕಡೆಯಿಂದ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ಅವರ ಹುಂಡಿಯಲ್ಲಿ ಕೆರೆಗೆ ಹೋಗುವ ದಾರಿ ಮುಚ್ಚಿದ್ದಾರಂತೆ. “ನಕ್ಷೆ ತರ್ಸಿಕೊಡಿ ಅಜ್ಜಿ, ಅವನ ಉಟ್ಟಡಗಿಸ್ಬೇಕು,” ಅಂದಳು. ಮುಚ್ಚಿದವನ ಜಾತಕವನ್ನೆಲ್ಲ ಹೇಳಿದಳು. ನಾನು ಕಾಫಿ ಕೊಟ್ಟೆ.

“ನಕ್ಷೇಲಿ ದಾರಿ ನಿನ್ನ ಒಲದ ಮೇಲೇ ಇದ್ರೆ ಏನ್ಮಾಡ್ತೀಯವ್ವ?” ಅಂತ ಕೇಳಿದೆ.

ಅವಳು ಲೋಟ ಕೆಳಗಿಟ್ಟಳು. “ಯೋಚ್ನೆ ಮಾಡ್ಕಂಡು ಬಾ,” ಅಂತ ಕಳಿಸಿದೆ. ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ.

ಇದನ್ನು ಬರೆಯುತ್ತಿರುವಾಗಲೇ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಅವಳೇ. ಈ ಸಲ ಜೊತೆಯಲ್ಲಿ ಗಂಡನನ್ನೂ ಕರೆತಂದಿದ್ದಾಳೆ, ಕೈಯಲ್ಲಿ ಪಹಣಿ ಇದೆ. ಕೂರುವ ಮೊದಲೇ ಅಂದಳು, “ನಮ್ಮ ಒಲದ ಮೇಲಿದ್ರೂ ಸರಿ ಅಜ್ಜಿ. ಕೆರೆಗೆ ದಾರಿ ಬೇಕು.”

ಪಹಣಿ ಇಸಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಊರಿನ ಹೆಸರಿನ ಮೇಲೆ ಬೆರಳಿಟ್ಟು, ಮಂಗಳನಿಗೆ ಫೋನು ಹಚ್ಚಲು ಮೊಮ್ಮಗಳನ್ನು ಕೂಗಿದೆ.